ಪಾಸಾಗಲು ಒಲ್ಲದ ನನ್ನ ನೆಗೆಣ್ಣಿ

ಅಜ್ಜಿಯರಿಗೆಂದೇ ಇಟ್ಟ ಪರೀಕ್ಷೆಯಲ್ಲಿ ಫೇಲಾದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ದಿನಾ ಕಾಣುತ್ತೇನೆ. ಒಂದೇ ಅಂಗಳದಲ್ಲಿ ನಲವತ್ತು ವರ್ಷ ಅವಳ ಜೊತೆ ಬಟ್ಟೆ ಒಣಹಾಕಿದ್ದೇನೆ. ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಆ ಪರೀಕ್ಷೆಯಲ್ಲಿ ಹೆಸರೊಂದು ಬರೆದು ಸುಮ್ಮನೆ ಕುಳಿತರೂ ಪಾಸು ಮಾಡುತ್ತಾರೆ. ನಿದ್ದೆ ಹೋದರೆ ಎಬ್ಬಿಸಿ ಪಾಸು ಮಾಡುತ್ತಾರೆ. ಅಂಥದರಲ್ಲೂ ಫೇಲಾಗಬೇಕೆಂದರೆ ಬೇರೆಯೇ ಬುದ್ಧಿ ಬೇಕು. ಇವಳು ಎರಡು ಸಲ ಆದಳು!

ಕೊಡ್ಲಿ ಎಂಬ ಊರಿನ ಆಚೆಗಿರುವ ನಮ್ಮ ಹಳ್ಳಿಯ ಸಾಲೆಯಲ್ಲಿ ಮೂರು ವರ್ಷದ ಹಿಂದೆ ಮುದುಕಿಯರಿಗೆ ಅಕ್ಷರ ಕಲಿಸುವ ವರ್ಗ ತೆರೆದರು. ಮಧ್ಯಾಹ್ನ ಎರಡರಿಂದ ನಾಲ್ಕು, ಹಿಂದಿನ ಕೋಣೆಯಲ್ಲಿ. ನಾವು ಆರು ಮಂದಿ. ಕಲಿಸುವವಳು ಅದೇ ಸಾಲೆಯ ಟೀಚರ್, ಶಹಾಬಾದದವಳು, ಮೂವತ್ತು ದಾಟದ ಹುಡುಗಿ. ನಮ್ಮ ಊರಲ್ಲೇ ಬಾಡಿಗೆಗೆ ಇದ್ದಳು. ಮೊದಲ ದಿನವೇ ಅವಳು ಒಂದು ತಪ್ಪು ಮಾಡಿದಳು. ಆರೂ ಮಂದಿ ಪಾಸಾದರೆ ವರ್ಗ ಮುಚ್ಚುತ್ತಾರೆ, ಒಬ್ಬರು ಉಳಿದರೂ ನಡೆಯುತ್ತದೆ ಎಂದು ಬಾಯಿ ಬಿಟ್ಟು ಹೇಳಿದಳು. ಆ ದಿನ ನಾವು ಐವರು ಅ, ಆ ಕಲಿತೆವು. ನೆಗೆಣ್ಣಿ ನಿಯಮ ಕಲಿತಳು.

ಕಳೆದ ವಾರ ನಮಗೆ ಬೀಳ್ಕೊಡುಗೆ. ಪೇಢೆ, ಚಹಾ, ಗೋಡೆಗೆ ಬಣ್ಣದ ಹಾಳೆ, ಎಲ್ಲ ಇತ್ತು. ಸಾಲೆಯ ನೆನಪು ಒಬ್ಬೊಬ್ಬರಾಗಿ ಹೇಳಿ ಎಂದಳು ಟೀಚರ್. ಹತ್ತನೇ ತರಗತಿ ಮಕ್ಕಳಾದರೆ ಅಳುತ್ತಾರೆ. ನಮಗೆ ಅಳಲು ಮನೆಯಲ್ಲಿ ಬೇಕಾದಷ್ಟು ಜಾಗವಿದೆ, ಆದ್ದರಿಂದ ನಕ್ಕೆವು. ಯಾರೇ ಎದ್ದು ನಿಂತರೂ ನೆನಪು ಹೊರಳುವುದು ನನ್ನ ನೆಗೆಣ್ಣಿಯ ಕಡೆಗೇ!

ಮೊದಲು ಎದ್ದವಳು ಬಳೆ ಮಾರುವ ಖಾಲಾ.

"ಅರೇ, ನಾವೆಲ್ಲಾ ಚಾಪಿ ಮ್ಯಾಲ ಕುಂತ್ರ ಇಕಿ ಒಬ್ಬಾಕಿ ಒಂದನೇ ಕ್ಲಾಸಿನ ಹುಡುಗ್ರ ಬೆಂಚಿನ ಮ್ಯಾಲ ಕುಂತಳು. ಎಬ್ಬಸಲಿಕ್ಕ ಮೂರು ಮಂದಿ ಬೇಕಾದ್ರು, ನೆನಪದ ಏನ್ರಿ?"

"ನಿನ್ನ ಬಳೆ ಬುಟ್ಟಿ ಎತ್ತಲಿಕ್ಕ ಇಬ್ಬರು ಬೇಕು, ನಾ ಏನರ ಅಂದೀನೇನ ಖಾಲಾ?" ಎಂದಳು ನೆಗೆಣ್ಣಿ. "ಚಾಪಿ ಮ್ಯಾಲ ಮನ್ಯಾಗೂ ಕುಂದ್ರತೀನಿ. ಸಾಲಿಗಿ ಬಂದ ಮ್ಯಾಲ ಬೆಂಚೇ ಬೇಕು."

ಬೆಂಚಿನ ವಿಷಯದಲ್ಲಿ ಅವಳಿಗೆ ಅಷ್ಟು ಹಟ ಏಕೆ ಎಂದು ನನಗೂ ಮೊದಲು ತಿಳಿದಿರಲಿಲ್ಲ. ಒಂದು ದಿನ ಅವಳ ಸೊಸೆ ವರ್ಗದ ಬಾಗಿಲಿಗೇ ಬಂದು ನಿಂತಳು. "ಅತ್ತೀ, ತೊಗರಿ ಒಣಗ್ಲಿಕ್ಕ ಹಾಕೋದದ, ಬರ್ರಿ." ನೆಗೆಣ್ಣಿ ಮಕ್ಕಳ ಹಾಗೆ ಬೆರಳೆತ್ತಿ ಟೀಚರ್ ಮುಖ ನೋಡಿದಳು. ಪಾಪ, ಟೀಚರ್ ಒಳ್ಳೆಯವಳು. "ಹೋಗಿ ಬರ್ರಿ ದೊಡ್ಡವ್ವ" ಎನ್ನಬೇಕು, ಅಷ್ಟರಲ್ಲಿ ಇವಳು ಹಲ್ಲು ಕಚ್ಚಿ, "ಟೀಚರ್, ಬಿಡಂಗಿಲ್ಲ ಅನ್ನು!" ಎಂದಳು. ಟೀಚರ್ ಹೌಹಾರಿ, "ವರ್ಗ ನಡದದ, ಬಿಡಲಿಕ್ಕ ಬರಂಗಿಲ್ಲ" ಎಂದಳು. ಸೊಸೆ ಹೋದಳು. ನೆಗೆಣ್ಣಿ ಕಾಲು ಚಾಚಿದಳು.

"ಮನ್ಯಾಗ ಕುಂತ್ರ ಯಾರರ ಒಬ್ಬರು ಏಳು ಅಂತಾರ. ಗಂಡ ಇದ್ದಾಗ ಗಂಡ ಅಂದ, ಈಗ ಮಗ, ಸೊಸಿ, ಮಮ್ಮಕ್ಕಳು. ಇಲ್ಲಿ ಕುಂತ್ರ ಏಳು ಅನ್ನೋರೇ ಇಲ್ಲ. ಇದನ್ನ ಬಿಟ್ಟು ಪಾಸಾಗ್ಲೇನ? ನನಗೇನ್ ಹುಚ್ಚ ಹಿಡದದ?"

ದಿನಕ್ಕೆ ಎರಡು ತಾಸು. ಅವಳಿಗೆ ಬೇಕಾದದ್ದು ಅಷ್ಟೇ, ಅಕ್ಷರ ಅದರ ಜೊತೆಗೆ ತಾನಾಗಿ ಬಂದದ್ದು. ನನ್ನನ್ನು ಕೇಳಿದರೆ, ನಾನು ಮೊದಲ ವರ್ಷವೇ ಪಾಸಾದರೂ ಹೋಗುತ್ತಿದ್ದೆ. ಆ ಕೋಣೆಯಲ್ಲಿ ಫ್ಯಾನಿತ್ತು. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರು ನನ್ನ ವಿದ್ಯಾಪ್ರೇಮವನ್ನು ಅರ್ಥಮಾಡಿಕೊಳ್ಳುತ್ತಾರೆ. ನೆಗೆಣ್ಣಿಯದು ನನಗಿಂತ ಒಂದು ಕೈ ಮೇಲು. ಐತವಾರವೂ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತಿದ್ದಳು. "ಈ ಐತವಾರ ಸೂಟಿ ಅಂತ ಮಾಡಿದಾಂವ ಯಾಂವ? ಅಂವಗ ಮನ್ಯಾಗ ಸೊಸಿ ಇರಲಿಲ್ಲ ಕಾಣ್ತದ!"

ಅವಳು ಫೇಲಾದ ರೀತಿಯನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬೀತು. ಮೊದಲ ವರ್ಷ ಒಂದೇ ಒಂದು 'ಅ' ಬರೆದು, "ಉಳದದ್ದು ಮುಂದಿನ ವರ್ಷ" ಎಂದು ಪೆನ್ನು ಕೆಳಗಿಟ್ಟಳು. ಎರಡನೆಯ ವರ್ಷ ಬಂದ ಪರೀಕ್ಷೆಯ ಸಾಹೇಬರು ಹಟಮಾರಿ. ಈ ಅಜ್ಜಿಯನ್ನು ಪಾಸು ಮಾಡಿಯೇ ಹೋಗುತ್ತೇನೆ ಎಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಹಾಳೆಯಲ್ಲಿ ಆಕಳಿನ ಚಿತ್ರ, ಕೆಳಗೆ ಖಾಲಿ ಗೆರೆ. ನೆಗೆಣ್ಣಿ ದುಂಡಗೆ ಬರೆದಳು: 'ಇದು ನಮ್ಮದಲ್ಲ.'

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅಜ್ಜಿ, ಇದು ಆಕಳು."

"ಆಕಳ ಅಂತ ನನಗೂ ಕಾಣ್ತದ್ರಿ ಸಾಹೇಬ್ರ. ಯಾರದು ಅಂತ ಕೇಳಿಕೊಂಡು ಬರ್ರಿ, ಬರೀತೀನಿ."

ಒಂದಕ್ಷರ ತಪ್ಪಿಲ್ಲ, ಉತ್ತರ ಮಾತ್ರ ತಪ್ಪು! ಮುಂದಿನ ಚಿತ್ರ ಮನೆಯದು. ಅದಕ್ಕೂ 'ಇದೂ ನಮ್ಮದಲ್ಲ.' ಸಾಹೇಬರು ಕುರ್ಚಿಯನ್ನು ದೂರ ಎಳೆದುಕೊಂಡರು.

ಹೀಗೆ ಎರಡು ವರ್ಷ ಫೇಲಾದವಳು ಇನ್ನೂ ಹತ್ತು ವರ್ಷ ಆಗುವವಳೇ ಇದ್ದಳು. ಈ ವರ್ಷ ಪರೀಕ್ಷೆಗೆ ಒಂದು ವಾರವಿರುವಾಗ ಟೀಚರ್‌ಗೆ ಒಂದು ಫೋನು ಬಂತು. ಅವಳಿಗೆ ನಾಲ್ಕು ವರ್ಷದ ಮಗಳು, ಶಹಾಬಾದದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾಳೆ. ಮಗುವಿನ ಮಾತು ನಮಗೂ ಕೇಳಲಿ ಎಂದು ಫೋನನ್ನು ಮೇಜಿನ ಮೇಲೆ ಇಟ್ಟಳು.

"ಟೀಚರ್, ಊಟಾ ಆಯ್ತಾ?" ಎಂದಿತು ಮಗು.

"ಅವ್ವ ಅನ್ನು ಪುಟ್ಟೀ."

"ಅವ್ವ ಇಲ್ಲೇ ಅದಾಳ, ರೊಟ್ಟಿ ಬಡೀಲಿಕತ್ತಾಳ. ನೀ ಟೀಚರ್!"

ಅಜ್ಜಿಯನ್ನೇ ಅವ್ವ ಎಂದುಕೊಂಡಿದೆ ಮಗು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಟೀಚರ್ ಕೂಡ ನಕ್ಕಳು, ಆದರೆ ನಗು ಮುಗಿಯುವ ಮೊದಲೇ ಕರಿಹಲಗೆಯ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದಳು. ನಗದಿದ್ದವಳು ನೆಗೆಣ್ಣಿ ಒಬ್ಬಳೇ.

"ನಿನಗ ಊರಿಗಿ ಯಾವಾಗ ಬಿಡ್ತಾರ?"

"ಊರಿಗಿ ವರ್ಗಾವಣಿ ಆಗಿ ಎರಡು ವರ್ಷ ಆಯ್ತು ದೊಡ್ಡವ್ವ. ಈ ಕೆಲಸ ಮುಗಿಸೇ ಹೋಗು ಅಂದಾರ. ನೀವು ಆರೂ ಮಂದಿ ಪಾಸಾದ ಮ್ಯಾಲ ಬಿಡ್ತಾರ. ಅವಸರ ಏನಿಲ್ಲ ಬಿಡ್ರಿ, ಸಾವಕಾಶ ಕಲೀರಿ."

"ಮೊದಲೇ ಯಾಕ ಹೇಳಲಿಲ್ಲ?"

"ನೀವು ಬೆಂಚಿನ ಮ್ಯಾಲ ಕುಂತಾಗ ಹೆಂಗ ಹೇಳಲಿ?"

ಆ ವಾರವಿಡೀ ನೆಗೆಣ್ಣಿ ಯಾರ ಜೊತೆಗೂ ಜಗಳವಾಡಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ. ಪರೀಕ್ಷೆಯ ದಿನ, ಮೊದಲೇ ಪಾಸಾಗಿದ್ದ ನಾವು ಐವರೂ ಅವಳ ಜೊತೆಗೆಂದು ಮತ್ತೆ ಬರೆಯಲು ಕುಳಿತೆವು. ಕುಳಿತವಳು ತಲೆ ಎತ್ತಲಿಲ್ಲ. ಆಕಳಿಗೆ ಆಕಳು ಎಂದೇ ಬರೆದಳು, ಮನೆಗೆ ಮನೆ ಎಂದೇ ಬರೆದಳು. ಕೊನೆಗೆ ಪ್ರೀತಿಯವರಿಗೆ ಒಂದು ಪತ್ರ ಬರೆಯಿರಿ ಎಂದಿತ್ತು. ನಾವೆಲ್ಲ 'ನಾನು ಕ್ಷೇಮ, ನೀನು ಕ್ಷೇಮವೇ' ಎಂದು ಎರಡು ಸಾಲು ಬರೆದು ಎದ್ದೆವು. ಇವಳು, "ಸಾಹೇಬ್ರ, ಇನ್ನೊಂದು ಹಾಳಿ ಕೊಡ್ರಿ" ಎಂದಳು. ಅದೇ ಸಾಹೇಬರು ಮತ್ತೆ ಕನ್ನಡಕ ಒರೆಸಿಕೊಂಡು ಹಾಳೆ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ.

"ಯಕ್ಕಾ, ಅಷ್ಟು ಏನ್ ಬರೀಲಿಕತ್ತಿ?" ಎಂದು ಬಗ್ಗಿದೆ.

"ಕಾಪಿ ಹೊಡೀಬ್ಯಾಡ. ಸರೀ ಆಕಡಿ."

ಅವಳಿಗೆ ತೊಂಬತ್ತೊಂದು ಅಂಕ. ನನಗೆ ಬಂದದ್ದು ನಲವತ್ತಾರು, ಅದನ್ನು ನೀವು ಮರೆತರೆ ನಡೆದೀತು. ಆರಕ್ಕೆ ಆರೂ ಪಾಸು. ವರ್ಗ ಮುಗಿಯಿತು, ಟೀಚರ್‌ಗೆ ಬಿಡುಗಡೆಯ ಕಾಗದ ಬಂತು.

ಬೀಳ್ಕೊಡುಗೆಯ ದಿನ ಎಲ್ಲರ ನೆನಪು ಮುಗಿದ ಮೇಲೆ ಟೀಚರ್ ತನ್ನ ಚೀಲದಿಂದ ಎರಡು ಹಾಳೆ ತೆಗೆದಳು. ನೆಗೆಣ್ಣಿಯ ಪತ್ರ. ಓದಲು ಹೋದಳು, ಆಗಲಿಲ್ಲ. "ನೀವು ಓದ್ರಿ" ಎಂದು ನನ್ನ ಕೈಗಿಟ್ಟಳು, ನನ್ನ ಗಂಟಲು ದೊಡ್ಡದೆಂದು. ನೆಗೆಣ್ಣಿ ಪೇಢೆ ತಿನ್ನುತ್ತ ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಅಕ್ಷರದ ಮೇಲೆ ಬೆರಳಿಟ್ಟು, ನಿಧಾನ ಓದಿದೆ. ಎಲ್ಲಾದರೂ ತಪ್ಪು ಸಿಕ್ಕೀತೇ ಎಂದೂ ಹುಡುಕಿದೆ. ಸಿಗಲಿಲ್ಲ.

"ಶಹಾಬಾದದ ಸಣ್ಣವ್ವಗ ದೊಡ್ಡವ್ವನ ಆಶೀರ್ವಾದ. ನಿಮ್ಮವ್ವನ್ನ ಎರಡು ವರ್ಷ ಹಿಡಿದು ಇಟ್ಟಾಕಿ ನಾನು. ನನಗ ಕುಂದರಲಿಕ್ಕ ಒಂದು ಜಾಗಾ ಬೇಕಿತ್ತು. ನಿನಗ ಅಕಿ ಬೇಕಿದ್ದಳು ಅಂತ ಗೊತ್ತಿರಲಿಲ್ಲ. ಈಗ ಕಳಸಲಿಕತ್ತೀನಿ. ಅಕಿಗಿ ಮಧ್ಯಾಹ್ನ ಚಾ ಬೇಕು, ಸಕ್ಕರಿ ಕಮ್ಮಿ. ಮನಿಗಿ ಬಂದ ಕೂಡಲೇ ಏಳು ಅನಬ್ಯಾಡ್ರಿ, ತುಸು ಕುಂದರಲಿ. ಇನ್ನ ಮ್ಯಾಲ ಅಕಿಗಿ ಅವ್ವ ಅನ್ನು. ಟೀಚರ್ ಅನಬ್ಯಾಡ. ಟೀಚರ್ ಅಂಬೋದು ನಮ್ಮದು."