ಚಿಗವ್ವನ ಸಮಪಾಲು

ಮಸ್ಕಿಯ ನಮ್ಮ ಚಿಗವ್ವ ಸೊಳ್ಳೆ ಕಚ್ಚಿಸಿಕೊಂಡರೂ ಎರಡೂ ಕಾಲಿಗೆ ಸಮನಾಗಿ ಕಚ್ಚಿಸಿಕೊಳ್ಳುವ ಪೈಕಿ ಎಂದರೆ ನೀವು ನಗುತ್ತೀರಿ. ನಗಿ! ಮೊನ್ನೆಮೊನ್ನೆಯವರೆಗೆ ನಾನೂ ನಗುತ್ತಲೇ ಇದ್ದೆ.

ಹೆತ್ತವ್ವ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅವ್ವನ ತಂಗಿಯಾದ ಈ ಚಿಗವ್ವ ನನ್ನನ್ನು ತನ್ನ ಮಗಳ ಜೊತೆಗೆ ಸಾಕಿದಳು; ನಾನು ಅಣ್ಣ, ಅವಳು ತಂಗಿ. ಆಗ ಶುರುವಾಯಿತು ನೋಡಿ ಸಮಪಾಲಿನ ಹುಚ್ಚು. ರೊಟ್ಟಿ ಮುರಿದರೆ ಎರಡು ತುಂಡನ್ನೂ ಒಂದರ ಮೇಲೊಂದಿಟ್ಟು ನೋಡಬೇಕು. ಶೇಂಗಾಕಾಯಿಯಲ್ಲಿ ಮೂರು ಕಾಳಿದ್ದರೆ ಮೂರನೆಯದು ಕೋಳಿಗೆ. ನಾನು ತಪ್ಪು ಮಾಡಿ ಏಟು ತಿಂದರೆ, ಸುಮ್ಮನೆ ಕೂತ ತಂಗಿಗೂ ಒಂದು!

"ಅಕಿ ಏನ್ ಮಾಡ್ಯಾಳ ಬೇ?"

"ನಾಳೆ ಮಾಡ್ತಾಳ, ತಗೊಳ್ಳಲಿ!"

ಸಿಂಧನೂರಿನ ಬಸ್ಸು ಹತ್ತಿದರೆ ಅರ್ಧ ದಾರಿ ಎಡಗಡೆಯ ಸೀಟು, ಇನ್ನರ್ಧ ಬಲಗಡೆಯದು. ಕಂಡಕ್ಟರ್ ರೇಗಿದರೆ, "ಬಿಸಿಲು ಒಂದ ಮಗ್ಗಲಿಗೆ ಯಾಕ ಬೀಳಬೇಕೋ ಯಪ್ಪಾ?" ಎನ್ನುತ್ತಿದ್ದಳು.

ಇಂಥವಳಿಗೆ ಸಕ್ಕರೆ ಕಾಯಿಲೆ ಬಂತು. ಹಿಂದೆಯೇ ನನಗೂ ಬಂತು. ಮನೆಯಲ್ಲಿ ಒಬ್ಬರಿಗೇ ಯಾಕೆ ಬರಬೇಕು, ಅಲ್ಲವೇ? ಆದರೆ ಆ ಕಾಯಿಲೆಗೆ ಚಿಗವ್ವನ ನ್ಯಾಯ ಗೊತ್ತಿರಲಿಲ್ಲ. ಅವಳ ಎಡಗಾಲಿನ ಹೆಬ್ಬೆರಳನ್ನಷ್ಟೇ ಕಪ್ಪು ಮಾಡಿತು. ಪಾದ ತಣ್ಣಗಾಯಿತು. ನೋವಿಗೆ ಮಲಗಲಾಗದೆ ಆ ಕಾಲನ್ನು ಮಂಚದಿಂದ ಇಳಿಬಿಟ್ಟು ಕೂರುತ್ತಿದ್ದಳು. ಜೊತೆಗೆ ಬಲಗಾಲನ್ನೂ ಇಳಿಬಿಡುತ್ತಿದ್ದಳೆಂದು ಬೇರೆ ಹೇಳಬೇಕೇ? ಲಿಂಗಸುಗೂರಿನ ಡಾಕ್ಟರು, ರಕ್ತ ಹರಿಯದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿಯ ಸರ್ಜನ್ ಬಿಡಿಸಿ ಹೇಳಿದರು. ಕಟ್ಟಿಕೊಂಡ ರಕ್ತನಾಳದ ಪಕ್ಕದಲ್ಲಿ ಹೊಸ ದಾರಿ ಮಾಡಬೇಕು. ಅದಕ್ಕೆ ಪ್ಲಾಸ್ಟಿಕ್ ಕೊಳವೆ ಹಾಕಬಹುದು, ಇಲ್ಲವೇ ಅವಳ ಕಾಲಿನದೇ ಒಂದು ರಕ್ತದ ನರ. ಎಡಗಾಲಿನ ನರ ತೀರಾ ಸಣ್ಣದು, ಬಲಗಾಲಿನದು ಚೆನ್ನಾಗಿದೆ.

"ಬಲಗಾಲು ಏನ್ ತಪ್ಪು ಮಾಡೈತ್ರೀ?" ಚಿಗವ್ವ ಕೆರಳಿದಳು. "ಒಬ್ಬರ ಪಾಲು ಕಿತ್ತು ಇನ್ನೊಬ್ಬರಿಗೆ ಕೊಡೂದು ನನ್ನ ಕೈಲೆ ಆಗೂದಿಲ್ಲ. ಪೈಪ್ ಹಾಕ್ರಿ!"

"ಅಮ್ಮಾ, ಮೊಣಕಾಲಿನ ಕೆಳಗೆ ಪೈಪು ಬೇಗ ಕಟ್ಟಿಕೊಳ್ಳುತ್ತೆ. ನಿಮ್ಮ ನರವೇ ಹೆಚ್ಚು ದಿನ ಬಾಳೋದು."

ತಂಗಿ ಅತ್ತಳು. ನಾನು ಕೂಗಾಡಿದೆ: "ಕಾಲ ಹೋಗಾಕತ್ತೈತಿ ಬೇ! ನ್ಯಾಯ ಇಟ್ಕೊಂಡು ಏನ್ ಮಾಡ್ತಿ?" ಅವಳು ಜಗ್ಗಲಿಲ್ಲ. ಕೊನೆಗೆ ಸರ್ಜನ್ ಸುಸ್ತಾಗಿ, "ನರ ತೆಗೆಯೋಕೆ ಬಲಗಾಲನ್ನೂ ಉದ್ದಕ್ಕೆ ಕೊಯ್ಯಬೇಕಮ್ಮಾ. ಎರಡಕ್ಕೂ ಹೊಲಿಗೆ ಬೀಳುತ್ತೆ" ಎಂದರು.

ಚಿಗವ್ವನ ಮುಖ ಅರಳಿತು! "ಎರಡಕ್ಕೂ ಬರೋಬ್ಬರಿ? ಮೊದಲ ಹೇಳಬಾರದೇನ್ರೀ!"

ಆಪರೇಷನ್ ಆಯಿತು. "ಕಾಲು ಬೆಚ್ಚಗೈತಿ! ಬೆಚ್ಚಗೈತಿ!" ಎಂದು ತಂಗಿ ಹೊರಗೆ ಓಡಿ ಬಂದಳು. ನಾನೂ ಹೋಗಿ ಮುಟ್ಟಿದೆ. ಹೌದು, ಬೆಚ್ಚಗಿತ್ತು.

ಆ ಬಿಸಿ ಉಳಿಯಲಿಲ್ಲ. ಹೊಸ ದಾರಿಯೂ ಕಟ್ಟಿಕೊಂಡಿತು. ಮತ್ತೆ ಕೊಯ್ದು ಬಿಡಿಸಿ ನೋಡಿದರು, ಫಲವಾಗಲಿಲ್ಲ. ಮೊಣಕಾಲಿನ ಕೆಳಗೆ ಎಡಗಾಲು ಹೋಯಿತು. ಇಲ್ಲಿ ತಮಾಷೆ ಮಾಡಲು ನನಗೆ ಆಗುತ್ತಿಲ್ಲ. ಪೈಪು ಬಿಟ್ಟು ನರ ಆರಿಸಿದ್ದು ಸರಿಯಾಗಿಯೇ ಇತ್ತು. ಸರ್ಜನ್ ಕೂಡ ಒಳ್ಳೆಯವರು. ಇನ್ನು ಯಾರ ಮೇಲೆ ಸಿಟ್ಟು ಮಾಡಲಿ? ಬಲಗಾಲಿನ ಆ ಉದ್ದನೆಯ ಹೊಲಿಗೆ ಕಂಡಾಗಲೆಲ್ಲ ಅವಳ ಸೀರೆಯ ಅಂಚನ್ನು ಕೆಳಗೆಳೆದು ಮುಚ್ಚುತ್ತೇನೆ.

ಮಸ್ಕಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಚಿಗವ್ವ ಕಾಲಿಗೆಂದು ಕೊಬ್ಬರಿ ಎಣ್ಣೆ ಸುರಿದುಕೊಂಡಳು. ರೂಢಿಯಂತೆ ಎರಡೂ ಅಂಗೈಗೆ ಸಮನಾಗಿ. ಒಂದು ಅಂಗೈಯದನ್ನು ಬಲಗಾಲಿಗೆ ತಿಕ್ಕಿದಳು. ಇನ್ನೊಂದನ್ನು ನೋಡುತ್ತಾ ಕೂತುಬಿಟ್ಟಳು.

"ಇಲ್ಲಿ ಬಾರಲೇ," ಎಂದು ನನ್ನನ್ನು ಕರೆದಳು. "ಎಡಗಾಲು ಚಾಚು."

"ಬ್ಯಾಡ ಬೇ, ನೀ ನನ್ನ ಕಾಲು ಮುಟ್ಟಬಾರದು."

"ಸುಮ್ನ ಚಾಚಲೇ. ನಿನಗೂ ಸಕ್ಕರಿ ಐತಿ."

ಬಾಗಿಲಲ್ಲಿದ್ದ ತಂಗಿ ನಗಲು ನೋಡಿದಳು: "ನನ್ನ ಪಾಲು ಎಲ್ಲೈತಿ ಬೇ?"

"ನಿನಗ ಇಲ್ಲ, ಹೋಗು. ಇದು ಪೂರಾ ಇವನಿಗೇ."

ಜನ್ಮದಲ್ಲಿ ಅವಳ ಬಾಯಲ್ಲಿ ಅಂಥ ಮಾತು ಬಂದಿರಲಿಲ್ಲ. ಬೆರಳ ಸಂದಿಯಲ್ಲೆಲ್ಲ ಎಣ್ಣೆ ತಿಕ್ಕಿದಳು. ಆಮೇಲೆ ಪಾದದ ಮೇಲೆ ಅಂಗೈ ಒತ್ತಿ ಹಿಡಿದು, "ಬೆಚ್ಚಗೈತಿ" ಎಂದಳು. ಎಣ್ಣೆ ಇಂಗಿದರೂ ಕೈ ತೆಗೆಯಲಿಲ್ಲ.