ಡಾಕ್ಟರರ ಸೆರಗಿನ ಗೌನು

ಅರವತ್ತರ ದಶಕದ ಒಂದು ಬೇಸಿಗೆ. ಕೊಳ್ಳೇಗಾಲದಲ್ಲಿ ಡಾಕ್ಟರಾಗಿದ್ದ ನಮ್ಮ ಯಜಮಾನರಿಗೆ ವೈದ್ಯರ ಸಂಘದವರು ಆನರರಿ ಫೆಲೋಶಿಪ್ ಕೊಡುವುದೆಂದು ತೀರ್ಮಾನವಾಯಿತು. ಹನೂರಿನಿಂದ ಬಿಳಿಗಿರಿರಂಗನ ಬೆಟ್ಟದ ತನಕ ನಡೆದೂ ನಡೆದೂ ಊರೂರಿಗೆ ಸಿಡುಬು ಬಾರದಂತೆ ದೇವಿ ಹಾಕಿದವರು ಅವರು. ಸಮಾರಂಭ ಮೈಸೂರಿನಲ್ಲಿ. ಅವರ ಪಾಲಿನ ಕೆಲಸವೆಲ್ಲ ಮುಗಿದಿತ್ತು. ಮಿಕ್ಕಿದ್ದನ್ನು ಕೆಡಿಸಲು ನಾನಿದ್ದೆ!

"ಗೌನ್ ಬೇಕಲ್ರೀ," ಎಂದೆ.

"ಯಾರೂ ಕೇಳಿಲ್ಲವಲ್ಲೇ?"

"ಫೆಲೋ ವಿದೌಟ್ ಎ ಗೌನ್? ಇಂಪಾಸಿಬಲ್!"

ನಾನು ಕಾನ್ವೆಂಟಿನಲ್ಲಿ ಓದಿದವಳು. ಪ್ರೈಜ್ ಡೇಗೆ ಬರುತ್ತಿದ್ದ ದೊಡ್ಡವರ ಮರೂನ್ ಗೌನು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಠೀವಿ ನನ್ನ ಗಂಡನಿಗೂ ಬರಲಿ ಎಂಬ ಆಸೆ. ರೇಷ್ಮೆಯ ಊರಿನಲ್ಲಿ ಕೂತು ಬಟ್ಟೆಗೆ ಪರದಾಡುವುದೆ? ಪಕ್ಕದ ಬೀದಿಯ ನೇಕಾರ ಚೌಡಪ್ಪನಿಗೆ ಮರೂನ್ ರೇಷ್ಮೆ ನೇಯಲು ಹೇಳಿದೆ. ಸಮಾರಂಭಕ್ಕೆ ಎರಡು ದಿನವಿದೆ ಎನ್ನುವಾಗ ತಂದ. ಬಿಡಿಸಿ ನೋಡಿದರೆ ಅಂಗೈಯಗಲದ ಜರಿ ಅಂಚು. ಸೆರಗಿನ ತುಂಬ ನವಿಲು!

"ಚೌಡಪ್ಪಾ, ಇದು ಗಂಡಸರಿಗೆ ಕಣಯ್ಯಾ!"

"ಗೊತ್ತು ಕಣವ್ವಾ. ನಮ್ ಡಾಕ್ಟ್ರಿಗೆ ಬೋಳು ಬಟ್ಟೆ ಒದಿಸಕಾದದಾ? ಸೆರಗಿಲ್ದೆ ನಮ್ ಮಗ್ಗದಿಂದ ಏನೂ ಇಳಿಯಕಿಲ್ಲ."

"ಬಣ್ಣ ಬಿಡಲ್ಲ ತಾನೆ?"

"ಬುಟ್ರೆ ನನ್ ಎಸ್ರೇ ಬದಲಾಯಿಸ್ಕತೀನಿ!"

ಟೈಲರನಿಗೆ ನವಿಲನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಬೆನ್ನಿಗೆ ಬರುವಂತೆ ಹೊಲಿದುಬಿಟ್ಟ. ಯಜಮಾನರು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, "ಧಾರೆ ಎಷ್ಟು ಹೊತ್ತಿಗೆ?" ಎಂದಷ್ಟೇ ಕೇಳಿದರು.

ಮೈಸೂರಿನ ಆ ಹಾಲ್‌ನಲ್ಲಿ ಒಬ್ಬರ ಮೈಮೇಲೂ ಗೌನಿಲ್ಲ! ಎಲ್ಲರೂ ಸೂಟಿನಲ್ಲಿ. ಐ ವಾಂಟೆಡ್ ಟು ಡೈ. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು. ರೇಷ್ಮೆಯೊಳಗೆ ಯಜಮಾನರು ಬೆವರತೊಡಗಿದರು. ಪ್ರಶಸ್ತಿಪತ್ರ ಹಿಡಿದು ಬಂದ ಅಧ್ಯಕ್ಷರ ಕೈ ಅರ್ಧದಲ್ಲೇ ನಿಂತಿತು. ಯಜಮಾನರ ಬಿಳಿ ಕಾಲರಿನ ಮೇಲೆ ಕೆಂಪಗೆ ಏನೋ ಇಳಿಯುತ್ತಿತ್ತು!

"ಹೆಮರೇಜ್!" ಎಂದು ಯಾರೋ ಕೂಗಿದರು.

ಸಭೆಯ ತುಂಬ ಡಾಕ್ಟರುಗಳು. ಕೇಳಬೇಕೆ? ಒಬ್ಬರು ನಾಡಿ ಹಿಡಿದರು. ಇನ್ನೊಬ್ಬರು ಕಣ್ಣರೆಪ್ಪೆ ಎತ್ತಿದರು. ಮತ್ತೊಬ್ಬರು ಮಲಗಿಸಿಯೇಬಿಟ್ಟರು. ಇಷ್ಟು ವರ್ಷ ನಡೆದು ಸಂಪಾದಿಸಿದ ಗೌರವ ನನ್ನ ದೆಸೆಯಿಂದ ಸ್ಟ್ರೆಚರ್ ಹತ್ತಿ ಹೊರಡುವುದರಲ್ಲಿತ್ತು! ನಾನು ವೇದಿಕೆಗೆ ಓಡಿದೆ. ಕಾನ್ವೆಂಟಿನ ಇಂಗ್ಲಿಷೆಲ್ಲ ಮರೆತುಹೋಗಿತ್ತು.

"ರಕ್ತ ಅಲ್ಲ ಸಾರ್, ಬಣ್ಣ! ನಮ್ಮೂರಿನ ಬಣ್ಣ!"

ಅಧ್ಯಕ್ಷರು ಬೆರಳಿಂದ ಮುಟ್ಟಿದರು. ಮೂಸಿದರು. ಆಮೇಲೆ ಬಹಳ ಗಂಭೀರವಾಗಿ, "ಪೇಷೆಂಟ್ ಆರೋಗ್ಯವಾಗಿದ್ದಾರೆ. ಗೌನನ್ನು ಮಾತ್ರ ಅಡ್ಮಿಟ್ ಮಾಡಿ," ಎಂದರು.

ಹಾಲ್ ಬಿದ್ದು ಬಿದ್ದು ನಕ್ಕಿತು. ಯಜಮಾನರೂ ಮಲಗಿದ್ದಲ್ಲೇ ನಕ್ಕರು. ಗೌನು ಕಳಚಿ, ಕೆಂಪಾದ ಅಂಗಿಯಲ್ಲೇ ಎದ್ದು ನಿಂತು ಫೆಲೋಶಿಪ್ ತೆಗೆದುಕೊಂಡರು. ಅಬ್ಬಾ! ನನಗೆ ಹೋದ ಜೀವ ಬಂತು.

ಕೊಳ್ಳೇಗಾಲದಲ್ಲಿ ಬಸ್ಸಿಳಿದಾಗ ಕಾಂಪೌಂಡರ್ ಸಿದ್ದಪ್ಪ ಹಾರ ಹಿಡಿದು ಕಾದಿದ್ದ. ಅಂಗಿ ನೋಡಿ ಹೌಹಾರಿದ.

"ಇದೇನ್ ಸಾ! ಅಲ್ಲೂ ಆಪರೇಸನ್ನಾ?"

"ಹೂಂ ಕಣಪ್ಪ. ಮಾಡಿದ್ದು ಇವಳು. ಪೇಷೆಂಟ್ ನಾನು."

ಆಮೇಲೆ ಅವರಿರುವ ತನಕ ಒಂದು ಕರ್ಚೀಫನ್ನೂ ನನಗೆ ಆರಿಸಲು ಬಿಡಲಿಲ್ಲ. ವೈಸ್ ಮ್ಯಾನ್!