ನೆವಿಲ್ ಹೆಡ್ಲಿ ಹಿಡಿದು ತಂದ ಸೆರೆಯಾಳು

ಗಂಜಿಯ ಬಟ್ಟಲನ್ನು ಮುಂದಿಟ್ಟುಕೊಂಡು ಕಣ್ಣಿಗೆ ಲೆನ್ಸ್ ಹಾಕಿಕೊಳ್ಳಬೇಡ ಎಂದು ಹಿಲರಿ ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. ಆ ಭಾನುವಾರ ಬೆಳಿಗ್ಗೆ ನೆವಿಲ್ ಹೆಡ್ಲಿಗೆ ಸರಿಯಾಗಿ ಅದೇ ಹೊತ್ತಿಗೆ ಸೀನು ಬಂತು. ಬೆರಳ ತುದಿಯಲ್ಲಿದ್ದ ಲೆನ್ಸ್ ಮಾಯವಾಯಿತು. ಮೇಜಿನ ಮೇಲೆ ಇಲ್ಲ, ನೆಲದ ಮೇಲೆ ಇಲ್ಲ, ಗಂಜಿ ತಿಂದು ಮುಗಿಸಿದ ಮೇಲೆ ಬಟ್ಟಲಲ್ಲೂ ಇಲ್ಲ.

“ಹೊಟ್ಟೆಗೇ ಹೋಗಿರ್ಬೇಕು,” ಎಂದಳು ಹಿಲರಿ. “ಇನ್ಮೇಲೆ ತಿಂದಿದ್ದೆಲ್ಲ ನಿಂಗೆ ಒಳಗಿಂದ ಸ್ಪಷ್ಟವಾಗಿ ಕಾಣುತ್ತೆ ಬಿಡು.”

ನೆವಿಲ್‌ಗೆ ನಗು ಬರಲಿಲ್ಲ. ವಾರವೆಲ್ಲ ಉತ್ತರ ಇಂಗ್ಲೆಂಡಿನ ಹೆಕ್ಸಮ್‌ನಲ್ಲಿ ಬಸ್ಸು ಓಡಿಸುವ ಅವನು ಭಾನುವಾರ ರೋಮನ್ ಸೈನಿಕನಾಗುತ್ತಿದ್ದ. ಉತ್ತರದವರನ್ನು ತಡೆಯಲು ರೋಮನ್ನರು ಕಟ್ಟಿದ್ದ ಹೇಡ್ರಿಯನ್ ಗೋಡೆಯ ಪಕ್ಕದ ಹಾಳುಕೋಟೆಯಲ್ಲಿ ಅವನಂಥ ಹವ್ಯಾಸಿಗಳು ಕವಚ ತೊಟ್ಟು ಕವಾಯತು ಮಾಡಿ, ಆ ಕಾಲದ ಸ್ಥಳೀಯರಾದ ಬ್ರಿಟನ್ನರ ವೇಷ ಹಾಕಿದ ನಾಲ್ವರನ್ನು ಸೋಲಿಸಿ, ನೋಡಲು ಬಂದವರಿಂದ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಮಕ್ಕಳು ಬೆಳೆದು ಮನೆ ಬಿಟ್ಟು ಹೋದರೂ ನೆವಿಲ್ ಮಾತ್ರ ಮಾಮೂಲಿ ಸಿಪಾಯಿಯಾಗಿಯೇ ಉಳಿದಿದ್ದ. ಈಗ ಪಡೆಯ ಉಪನಾಯಕ ಮಂಡಿನೋವು ತಾಳದೆ ಸ್ಪೇನಿಗೆ ಹೋಗಿ ನೆಲೆಸಿದ್ದ. ಅವನ ಗರಿಯ ಶಿರಸ್ತ್ರಾಣ, ಗುಂಡುತುದಿಯ ಉದ್ದನೆಯ ಕೋಲು ಇನ್ನು ಯಾರ ಪಾಲಿಗೆ ಎಂಬುದು ಅಂದು ಸಂಜೆ ತೀರ್ಮಾನವಾಗಬೇಕಿತ್ತು.

ವಿಧಿಯಿಲ್ಲದೆ ಕನ್ನಡಕ ಹಾಕಿಕೊಂಡು ಹೋದ. ಪಡೆಯ ಶತಾಧಿಪತಿ ಲೆನರ್ಡ್ ಫೆನ್‌ವಿಕ್ ಎಂಬ ನಿವೃತ್ತ ಹೆಡ್‌ಮಾಸ್ಟರು. ಹೆಸರಿಗೆ ನೂರು ಜನರ ಒಡೆಯ, ಕೈಕೆಳಗಿದ್ದವರು ಒಂಬತ್ತು ಮಂದಿ. ಅವರು ಸಾಲಿನುದ್ದಕ್ಕೂ ತಪಾಸಣೆ ಮಾಡುತ್ತ ಬಂದು ನೆವಿಲ್‌ನ ಮೂಗಿನ ಮೇಲಿದ್ದುದನ್ನು ಸತ್ತ ಇಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿದರು.

“ರೋಮನ್ ಸೈನ್ಯದಲ್ಲಿ ಕನ್ನಡಕ ಇರ್ಲಿಲ್ಲ, ಹೆಡ್ಲಿ.”

ಕವಚದೊಳಗೆ ಸ್ವೆಟರ್ ಹಾಕಿಕೊಂಡ ಶತಾಧಿಪತಿಯೂ ಇರಲಿಲ್ಲ ಎನ್ನಲು ನೆವಿಲ್‌ನ ನಾಲಿಗೆ ತುರಿಸಿತು. ಆದರೆ ಅಂದು ಮಾತಾಡುವ ದಿನವಲ್ಲ. ಕನ್ನಡಕ, ಪಡೆಗೆ ಅಡಿಗೆ ಮಾಡಿ ಹಾಕುತ್ತಿದ್ದ ಹಿಲರಿಯ ಡೇರೆ ಸೇರಿತು. ನೆವಿಲ್‌ನ ಪಾಲಿಗೆ ಲೋಕವೆಲ್ಲ ಮಳೆಗೆ ಸಿಕ್ಕಿದ ಬಣ್ಣದ ಚಿತ್ರದಂತೆ ಕದಡಿಹೋಯಿತು.

ಅಂಥ ಹೊತ್ತಿನಲ್ಲಿ ಫೆನ್‌ವಿಕ್ ಅವನನ್ನು ಪಕ್ಕಕ್ಕೆ ಕರೆದು ಆ ದಿನದ ಮುಖ್ಯ ಕೆಲಸವನ್ನು ಒಪ್ಪಿಸಿದರು. ಕಾಳಗದ ಕೊನೆಯಲ್ಲಿ ಬ್ರಿಟನ್ನರ ನಾಯಕ ಪ್ರೇಕ್ಷಕರತ್ತ ಓಡುತ್ತಾನೆ. ಅವನನ್ನು ಹಿಡಿದು ತಂದು ತಮ್ಮ ಕಾಲ ಬಳಿ ಕೆಡವಬೇಕು. ಅದೊಂದು ಚೆನ್ನಾಗಿ ಆದರೆ ಸಂಜೆ ಬೇರೆ ಹೆಸರು ಹುಡುಕಬೇಕಾಗಿಲ್ಲ ಎಂದು, ಪಕ್ಕದಲ್ಲಿಟ್ಟಿದ್ದ ಉಪನಾಯಕನ ಗರಿಯ ಶಿರಸ್ತ್ರಾಣದತ್ತ ಕಣ್ಣು ಹಾಯಿಸಿದರು. ನಾಯಕನ ಪಾತ್ರ ಪೋಸ್ಟ್‌ಮನ್ ಗ್ಯಾವಿನ್‌ದು. ಕೆಂಪು ಗಡ್ಡ, ಹೆಗಲ ಮೇಲೆ ಚೌಕಳಿ ಕಂಬಳಿ. ಇಷ್ಟು ಗುರುತು ಸಾಕು ಎಂದುಕೊಂಡ ನೆವಿಲ್.

ಕಾಳಗ ಜೋರಾಗಿ ನಡೆಯಿತು. ಯಾರೋ ಓಡಿದ ಸದ್ದಾಯಿತು. ನೆವಿಲ್ ಗುರಾಣಿ ಎಸೆದು ಹಿಂದೆ ಬಿದ್ದ. ಹುಲ್ಲಿನ ಅಂಚಿನಲ್ಲಿ ಕೆಂಪು ಗಡ್ಡವೊಂದು, ಅದರ ಕೆಳಗೆ ಚೌಕಳಿ ಕಂಬಳಿ ಮಸುಕಾಗಿ ಕಂಡವು. ಹಾರಿ ಕುತ್ತಿಗೆಗೆ ಕೈ ಹಾಕಿದ.

“ಬಿಡೋ, ಟೀ ಚೆಲ್ತು,” ಎಂದಿತು ಗಡ್ಡ.

ಗ್ಯಾವಿನ್ ಈ ಸಲ ನಿಜಕ್ಕೂ ಮನಸ್ಸಿಟ್ಟು ನಟಿಸುತ್ತಿದ್ದಾನೆ ಎಂದು ನೆವಿಲ್‌ಗೆ ಮೆಚ್ಚುಗೆಯಾಯಿತು. “ಚೆನ್ನಾಗಿ ಮಾಡ್ತಿದ್ದೀಯ. ಇನ್ನೂ ಸ್ವಲ್ಪ ಒದ್ದಾಡು,” ಎಂದು ಕಿವಿಯಲ್ಲಿ ಪಿಸುಗುಟ್ಟಿದ. ಅವನು ಸ್ವಲ್ಪವಲ್ಲ, ಬಲೆಗೆ ಬಿದ್ದ ಹೋರಿಯಂತೆ ಒದ್ದಾಡಿದ. ಒಬ್ಬ ಹೆಂಗಸು ಛತ್ರಿಯಿಂದ ನೆವಿಲ್‌ನ ಶಿರಸ್ತ್ರಾಣದ ಮೇಲೆ ನಗಾರಿ ಬಾರಿಸಿದಳು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ಹೊಡೆದರು. ನೆವಿಲ್ ಹಿಗ್ಗಿ, ಸೆರೆಯಾಳನ್ನು ಮೈದಾನದುದ್ದಕ್ಕೂ ಎಳೆದು ತಂದು ಶತಾಧಿಪತಿಯ ಕಾಲ ಬಳಿ ಕೆಡವಿದ.

ಆಗ ಹಿಂದಿನಿಂದ ಗ್ಯಾವಿನ್‌ನ ದನಿ ಕೇಳಿಸಿತು. “ನನ್ನನ್ಯಾಕೆ ಯಾರೂ ಹಿಡೀಲಿಲ್ಲ? ಆಗ್ಲಿಂದ ಆ ಕಲ್ಲಿನ ಹತ್ರ ನಿಂತಿದ್ದೀನಿ.”

ಫೆನ್‌ವಿಕ್ ಮುಖ ಬೇಯಿಸಿದ ಬೀಟ್‌ರೂಟಿನಂತಾಯಿತು. ಹಿಲರಿ ಓಡಿಬಂದು ಗಂಡನ ಮೂಗಿಗೆ ಕನ್ನಡಕ ಏರಿಸಿದಳು. ತಾನು ಹಿಡಿದದ್ದು ಯಾರನ್ನೆಂದು ನೆವಿಲ್ ಆಗ ನೋಡಿದ. ಗಡಿಯಾಚೆ ಸ್ಕಾಟ್ಲೆಂಡಿನ ಹಾವಿಕ್‌ನಿಂದ ಹೆಂಡತಿಯ ಒತ್ತಾಯಕ್ಕೆ ಬಂದಿದ್ದ ಡೂಗಲ್ ಎಲಿಯಟ್; ಕುರಿ ಹರಾಜು ಕೂಗುವವನು. ಅವನು ಹೆಗಲಿಗೆ ಹೊದ್ದದ್ದು ನೆಲಕ್ಕೆ ಹಾಸಲೆಂದು ಕಾರಿನಲ್ಲಿ ಇಟ್ಟುಕೊಂಡಿದ್ದ ಕಂಬಳಿ.

ಪೊಲೀಸರನ್ನು ಕರೆಯುತ್ತೇನೆ ಎಂದು ಡೂಗಲ್ ಗುಡುಗಿದ. ಆ ದನಿಗೆ ಗೋಡೆಯಾಚೆ ಮೇಯುತ್ತಿದ್ದ ಕುರಿಗಳೆಲ್ಲ ತಲೆ ಎತ್ತಿದವು. ಹಿಲರಿ ಅವನನ್ನು ಡೇರೆಗೆ ಕರೆದೊಯ್ದು ಬಿಸಿ ಬೇಳೆಸಾರು, ಬ್ರೆಡ್ಡು ಕೊಟ್ಟಳು. ನೆವಿಲ್ ತಲೆ ತಗ್ಗಿಸಿ ಎದುರು ಕೂತ. ಎರಡನೆಯ ಬಟ್ಟಲಿನ ಹೊತ್ತಿಗೆ ಮಕ್ಕಳ ಹಿಂಡೇ ಡೇರೆಯ ಬಾಗಿಲಿಗೆ ಬಂದು, ನಾಯಕನ ಜೊತೆ ಫೋಟೋ ಬೇಕೆಂದು ಹಟ ಹಿಡಿಯಿತು. ಡೂಗಲ್ ಗಡ್ಡ ಸವರಿಕೊಂಡ. ಇಷ್ಟು ವರ್ಷ ಕುರಿ ಮಾರಿದ್ದರೂ ಅವನಿಗೆ ಒಂದು ಚಪ್ಪಾಳೆಯೂ ಬಿದ್ದಿರಲಿಲ್ಲವಂತೆ.

ಇದೇ ಸಮಯವೆಂದು ನೆವಿಲ್ ಮೆಲ್ಲಗೆ ಬಾಯಿ ಬಿಟ್ಟ. “ನಮ್ಮ ಸಂಘಕ್ಕೆ ಸೇರ್ಕೊಳ್ಳಿ. ನಿಮ್ಮಂಥ ದನಿ ನಮ್ಮಲ್ಲಿ ಯಾರಿಗೂ ಇಲ್ಲ.”

“ಸೇರ್ತೀನಿ. ಆದ್ರೆ ರೋಮನ್ ಮಾತ್ರ ಆಗಲ್ಲ. ಸ್ಕಾಟ್ಲೆಂಡಿನವನು ನಾನು, ನಮ್ಮಜ್ಜ ಗೋರಿಯಿಂದ ಎದ್ದು ಬಂದುಬಿಡ್ತಾನೆ. ಬ್ರಿಟನ್ನರ ಕಡೆ ಹಾಕಿ.”

ಫೆನ್‌ವಿಕ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಪೊಲೀಸರ ಗಂಡಾಂತರ ತಪ್ಪಿತ್ತು, ಹೊಸ ಸದಸ್ಯ ಸಿಕ್ಕಿದ್ದ. ಕೋಟೆ ನೋಡಿಕೊಳ್ಳುವ ಸಂಸ್ಥೆಯ ಹೆಂಗಸಂತೂ ಇಂಥ ಸೆರೆಹಿಡಿಯುವ ದೃಶ್ಯ ಪ್ರತಿ ಸಲವೂ ಇರಲಿ ಎಂದು ಕೇಳಿಕೊಂಡು ಹೋಗಿದ್ದಳು. ಸಂಜೆ ಎಲ್ಲರೆದುರು ಫೆನ್‌ವಿಕ್ ನೆವಿಲ್‌ನ ತಲೆಗೆ ತಾವೇ ಗರಿಯ ಶಿರಸ್ತ್ರಾಣ ಇಟ್ಟು, ಕೈಗೆ ಕೋಲು ಕೊಟ್ಟರು. ಹಿಲರಿ ಗದ್ದದ ಪಟ್ಟಿ ಕಟ್ಟಿ, “ಸುಮಾರಾಗಿ ಕಾಣ್ತೀಯ,” ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನೆವಿಲ್‌ನ ಎದೆ ಉಬ್ಬಿ ಕವಚದ ದಾರಗಳು ಬಿಗಿದವು. ಹಬ್ಬದ ಕುದುರೆಯಂತೆ ಗೋಡೆಯ ಮೇಲೊಂದು ಸುತ್ತು ಓಡಾಡಿಕೊಂಡು ಬಂದ.

ಅವನು ಅತ್ತ ಹೋಗಿದ್ದಾಗ ಇತ್ತ ಡೂಗಲ್ ಒಂದು ಹುಲ್ಲಿನ ಪಿಂಡಿ ಹತ್ತಿ ನಿಂತಿದ್ದ. ಹರಾಜಿನ ಬಾಯಿ ಸುಮ್ಮನಿರುತ್ತದೆಯೇ? ಬೆಚ್ಚನೆಯ ಉಣ್ಣೆ ಪ್ಯಾಂಟು, ಉಜ್ಜಿ ಹೊಳೆಯಿಸಲು ಕವಚವಿಲ್ಲ, ಕವಾಯತಿಲ್ಲ, ಕಾಳಗ ಮುಗಿದ ಕೂಡಲೆ ಬಿದ್ದ ಜಾಗದಲ್ಲೇ ಮಲಗಿ ನಿದ್ದೆ ಮಾಡಬಹುದು. ಬ್ರಿಟನ್ನರಾಗುವವರು ಯಾರಿದ್ದೀರಿ ಎಂದು ಕೂಗತೊಡಗಿದ್ದ. ಮೊದಲು ಒಂದು ಕೈ ಎದ್ದಿತು. ಆಮೇಲೆ ಎರಡು. ಆಮೇಲೆ ಕವಚಗಳು ಕಳಚಿ ಬೀಳುವ ಸದ್ದು, ಅಡಿಗೆಮನೆಯಲ್ಲಿ ಪಾತ್ರೆ ಉರುಳಿದಂತೆ. ಹಿಲರಿ ಕೂಡ ಒಲೆಯನ್ನು ಆ ಕಡೆಗೇ ಸಾಗಿಸಿ ಸಾಸೇಜು ಹುರಿಯುತ್ತಿದ್ದಳು.

ನೆವಿಲ್ ಮರಳಿ ಬಂದಾಗ ಮೈದಾನದಲ್ಲಿ ಫೆನ್‌ವಿಕ್ ಒಬ್ಬರೇ ಬೆನ್ನು ಹಾಕಿ ನೆಟ್ಟಗೆ ನಿಂತಿದ್ದರು. ಉಳಿದವರೆಲ್ಲ ಡೂಗಲ್ ಕಡೆ ಸೇರಿದ್ದು ಅವರಿಗೂ ಗೊತ್ತಾಗಿತ್ತು. ಆದರೆ ಹೆಡ್‌ಮಾಸ್ಟರಾಗಿದ್ದವರು, ತರಗತಿ ಖಾಲಿಯಿದ್ದರೂ ಪಾಠ ನಿಲ್ಲಿಸುವವರಲ್ಲ. ದಿನದ ಕೊನೆಯ ಕವಾಯತಿಗೆ ಅಪ್ಪಣೆಯಾಯಿತು. ಪಡೆಯ ಹಿಂದೆ ನಿಂತು ಸಾಲು ನೋಡಿಕೊಳ್ಳುವುದು ಉಪನಾಯಕನ ಕೆಲಸ. ನೆವಿಲ್ ಹಿಂದೆ ಹೋಗಿ ನಿಂತ. ಗಾಳಿಗೆ ಗರಿಗಳು ಅಲುಗಿದವು. ಹಾಯೆನಿಸಿತು.

“ಸಾಲು ನೇರವಾಗಿದ್ಯಾ, ಉಪನಾಯಕ?” ಫೆನ್‌ವಿಕ್ ತಿರುಗಿ ನೋಡದೆ ಕೇಳಿದರು.

ನೆವಿಲ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

“ಇದೆ ಸಾರ್,” ಎಂದ. “ಇಷ್ಟು ನೇರ ಯಾವತ್ತೂ ಇರ್ಲಿಲ್ಲ.”